ಜಪಾನಿನ ಹಳೆಯ ಕಿರುಲಾರಿಗಳು

ಪಾತ್ರೆಯನ್ನು ಕೊಳ್ಳುವಾಗ ಉಣ್ಣುವವರ ಸಂಖ್ಯೆಯನ್ನು ನೋಡಿ ಕೊಳ್ಳುವುದು ನಮ್ಮ ಗೃಹಿಣಿಯರ ವಾಡಿಕೆ. ಇಬ್ಬರ ಸಂಸಾರಕ್ಕೆ ಮದುವೆಮನೆಯ ಕೊಪ್ಪರಿಗೆಯನ್ನು ಯಾರೂ ತರುವುದಿಲ್ಲ. ಆದರೆ ಯಂತ್ರಗಳ ಮಾತು ಬಂದಾಗ ಈ ವಿವೇಕವು ಎಷ್ಟೋ ಸಲ ನಮ್ಮ ಕೈಬಿಡುವುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬೇಸಾಯಗಾರರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಸಮುದ್ರದಾಚೆಯಿಂದ ಒಂದು ಪುಟ್ಟ ಹಳೆಯ ಗಾಡಿಯನ್ನು ತರಿಸಿಕೊಂಡು ಈ ವಿವೇಕವನ್ನು ಮರಳಿ ಹಿಡಿದಿರುವರು. ಆ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿರುವೆವು.

ಈ ಗಾಡಿಯು ಜಪಾನಿನದು. ಅಲ್ಲಿ 1949ರಲ್ಲಿ 'ಕೇಯ್', ಅಂದರೆ 'ಹಗುರ' ಎಂಬ ಹೆಸರಿನ ಮೋಟಾರುಗಳ ವರ್ಗವೊಂದು ಏರ್ಪಟ್ಟಿತು. ಗಾಡಿಯ ಉದ್ದಗಲಗಳಿಗೂ ಇಂಜಿನಿಗೂ ಸರ್ಕಾರವು ಮಿತಿಯನ್ನು ಗೊತ್ತುಮಾಡಿ, ಮಿತಿಯೊಳಗಿರುವವುಗಳಿಗೆ ತೆರಿಗೆಯನ್ನು ಕಡಿಮೆಮಾಡಿತು. ಇಂಜಿನಿನ ಮಿತಿಯು 1976ರಲ್ಲಿ 360ರಿಂದ 550 ಘನ ಸೆಂಟಿಮೀಟರಿಗೂ, 1990ರಲ್ಲಿ 660ಕ್ಕೂ ಏರಿತು. 1998ರಿಂದ ಈಚೆಗೆ ಉದ್ದವು 3.4 ಮೀಟರನ್ನೂ ಅಗಲವು 1.48 ಮೀಟರನ್ನೂ ಮೀರಕೂಡದು. ಅದಕ್ಕೆ ಹಿಂದಿನವು ಇನ್ನೂ ಚಿಕ್ಕವು. ಹೊರೆಯು 350 ಕಿಲೋಗ್ರಾಂ. ಸುಜುಕಿ ಕ್ಯಾರಿ, ಡೈಹಾಟ್ಸು ಹೈಜೆಟ್, ಸುಬಾರು ಸಾಂಬಾರ್, ಹೋಂಡಾ ಆಕ್ಟಿ, ಮಿತ್ಸುಬಿಷಿ ಮಿನಿಕ್ಯಾಬ್ ಎಂಬಿವು ಈ ಕುಲದ ಹೆಸರಾಂತ ಲಾರಿಗಳು.

ಇಷ್ಟು ಸಣ್ಣ ಗಾಡಿಯು ಬೇಸಾಯಕ್ಕೆ ಹೇಗೆ ಸಾಲೀತೆಂದು ವಾಚಕರು ಕೇಳಬಹುದು. ಜಪಾನಿನ ಹಳ್ಳಿಯನ್ನು ಮನಸ್ಸಿಗೆ ತಂದುಕೊಂಡರೆ ಉತ್ತರವು ಹೊಳೆಯುವುದು. ಬೆಟ್ಟದ ಮಗ್ಗುಲಲ್ಲಿ ಮೆಟ್ಟಲು ಮೆಟ್ಟಲಾಗಿ ಗದ್ದೆಗಳು. ಅವುಗಳ ನಡುವೆ ಒಂದೇ ಗಾಡಿ ಹಿಡಿಸುವ ದಾರಿ. ಅಲ್ಲಿ ದೊಡ್ಡ ಲಾರಿಯು ತಿರುಗಲಾರದು. ಕಿರುಲಾರಿಯಾದರೋ ಬದುವಿನ ಪಕ್ಕದಲ್ಲಿ ನುಸುಳಿ ಹೋಗಿ ಸಸಿ, ಗೊಬ್ಬರ, ಧಾನ್ಯಗಳನ್ನು ಹೊತ್ತು ತರುವುದು. ಹಿಂಭಾಗದ ತಟ್ಟೆಯು ಸುಮಾರು ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲವಿದ್ದು ಮೂರು ಕಡೆಯ ಹಲಗೆಗಳೂ ಕೆಳಕ್ಕೆ ಮಡಿಯುವುವು. ಆದಕಾರಣ ಯಾವ ಮಗ್ಗುಲಿಂದಲಾದರೂ ಮೂಟೆಯನ್ನು ಏರಿಸಬಹುದು. ಅನೇಕ ಲಾರಿಗಳಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಏರ್ಪಾಡುಂಟು. ಹೋಂಡಾ ಆಕ್ಟಿಯ 'ಅಟ್ಯಾಕ್' ಎಂಬ ಮಾದರಿಯಲ್ಲಿ, ಕೆಸರಿನಲ್ಲಿ ಆಮೆಯಂತೆ ಸಾಗುವುದಕ್ಕೆ, ಮುಂದಕ್ಕೊಂದು ಹಿಂದಕ್ಕೊಂದು ಅತಿ ನಿಧಾನದ ಗೇರನ್ನು ಪ್ರತ್ಯೇಕವಾಗಿ ಇಟ್ಟಿದ್ದರು.

ಇಂಥ ಲಾರಿಯು ತವರನ್ನು ಬಿಡುವುದೇಕೆ? ಜಪಾನಿನಲ್ಲಿ ಇಂಥ ಲಾರಿಗಳನ್ನು ಎರಡು ವರ್ಷಕ್ಕೊಮ್ಮೆ ಸರ್ಕಾರದ ಪರೀಕ್ಷೆಗೆ ಒಪ್ಪಿಸಬೇಕು. ಗಾಡಿ ಹಳೆಯದಾದಂತೆ ಅದರ ಖರ್ಚು ಮಾಲಿಕನಿಗೆ ಭಾರವಾಗುವುದು. ಇನ್ನೊಂದು ಕಾರಣವು ಮನಸ್ಸನ್ನು ಕಲಕುವಂಥದು. ಅಲ್ಲಿಯ ಬೇಸಾಯಗಾರರ ಸರಾಸರಿ ವಯಸ್ಸು ಈಗ 70ಕ್ಕೆ ಸಮೀಪಿಸಿರುವುದು. ಮಕ್ಕಳು ಪಟ್ಟಣ ಸೇರಿದ್ದಾರೆ. ಮುದುಕನು ಗದ್ದೆಯನ್ನು ಬಿಟ್ಟ ದಿನ ಅವನ ಲಾರಿಗೂ ಕೆಲಸವಿಲ್ಲದಂತಾಗುವುದು. ಹತ್ತಿರದ ಹೊಲಕ್ಕೂ ಮನೆಗೂ ಮಾತ್ರ ಓಡಾಡಿದ ಅದರ ಇಂಜಿನಿನಲ್ಲಿ ಇನ್ನೂ ಬಹುಕಾಲದ ಕಸುವಿರುವುದು. ಅಂಥ ಗಾಡಿಯು ಹರಾಜಿನ ಕಟ್ಟೆಗೆ ಬಂದು, ಅಲ್ಲಿಂದ ಹಡಗನ್ನೇರಿ, ಪರರ ಹೊಲದಲ್ಲಿ ಎರಡನೆಯ ಬಾಳನ್ನು ತೊಡಗುವುದು.

ಅಮೆರಿಕಾದ ಬೇಸಾಯಗಾರನು ಇದನ್ನು ಬಯಸುವುದು ಸಹಜ. ಅಲ್ಲಿ ಮಾರುವ ಪಿಕಪ್ ಲಾರಿಗಳು ವರ್ಷೇವರ್ಷೇ ಬೆಳೆದು, ಕೆಲವು ಎರಡು ಟನ್ನುಗಳನ್ನೂ ಮೀರಿವೆ. ಹಣ್ಣಿನ ತೋಟದ ಸಾಲುಗಳ ನಡುವೆ ಹೋಗಿ ಬೇಲಿಯ ಗೂಟಗಳನ್ನೋ, ದನದ ಮೇವನ್ನೋ ಇಳಿಸುವುದಕ್ಕೆ ಅಂಥ ಗಜಕಾಯವೇಕೆ? ಸುಮಾರು 700 ಕಿಲೋಗ್ರಾಂ ತೂಗುವ ಕಿರುಲಾರಿಯು ಹಸಿ ನೆಲವನ್ನು ಅಷ್ಟಾಗಿ ತುಳಿದು ಗಟ್ಟಿಮಾಡದು. ಪೆಟ್ರೋಲನ್ನೂ ಮಿತವಾಗಿ ಕುಡಿಯುವುದು. ಚಾಲಕನಿಗೆ ಮಳೆಗಾಳಿಗಳಿಂದ ಮರೆಯನ್ನೂ ಕೊಡುವುದು.

ಹೀಗಿರುವಲ್ಲಿ ತೊಡಕೆಲ್ಲಿ ಬಂತು? ಶಾಸನದಲ್ಲಿ. ಅಮೆರಿಕಾದ ಅಪಘಾತ ರಕ್ಷಣೆಯ ನಿಯಮಗಳಿಗೆ ಅನುಗುಣವಾಗಿ ಕಟ್ಟದ ಪರದೇಶದ ಮೋಟಾರನ್ನು ರಸ್ತೆಯ ಉಪಯೋಗಕ್ಕಾಗಿ ನಿರಾತಂಕವಾಗಿ ತರಬೇಕಾದರೆ ಅದು ತಯಾರಾಗಿ 25 ವರ್ಷಗಳು ತುಂಬಿರಬೇಕು. ನೆರೆಯ ಕೆನಡಾದಲ್ಲಿ 15 ವರ್ಷಗಳು ಸಾಕು. ಇದರ ಮೇಲೆ ಸುಂಕವುಂಟು. ಆ ಸುಂಕದ ಕಥೆಯೇ ವಿನೋದವಾದುದು. 1960ರ ದಶಕದ ಮೊದಲಲ್ಲಿ ಯೂರೋಪಿನ ರಾಷ್ಟ್ರಗಳು ಅಮೆರಿಕಾದ ಕೋಳಿಮಾಂಸದ ಮೇಲೆ ಸುಂಕವನ್ನೇರಿಸಿದುವು. ಅದಕ್ಕೆ ಪ್ರತೀಕಾರವಾಗಿ ಅಮೆರಿಕಾ 1964ರಲ್ಲಿ ಪರದೇಶದ ಹಗುರ ಲಾರಿಗಳ ಮೇಲೆ ನೂರಕ್ಕೆ 25ರಂತೆ ಸುಂಕವನ್ನು ಹೇರಿತು. ಕೋಳಿಯ ಜಗಳವನ್ನು ಜನರು ಮರೆತರು. 'ಕೋಳಿ ಸುಂಕ'ವೆಂಬ ಹೆಸರೂ ಲಾರಿಯ ಮೇಲಿನ ಸುಂಕವೂ ಉಳಿದುಕೊಂಡುವು.

ಬಂದರನ್ನು ದಾಟಿದ ಮಾತ್ರಕ್ಕೆ ಗಾಡಿಯು ರಸ್ತೆಗೆ ಬಂದಂತಾಗಲಿಲ್ಲ. ಅಲ್ಲಿ ರಸ್ತೆಯ ನೋಂದಣಿಯು ಒಂದೊಂದು ಸಂಸ್ಥಾನದ ಅಧಿಕಾರಕ್ಕೆ ಸೇರಿದ್ದು. ಕೇಂದ್ರ ಸರ್ಕಾರವು ಒಳಕ್ಕೆ ಬಿಟ್ಟ ಗಾಡಿಗೆ ಸಂಸ್ಥಾನವು ನಂಬರನ್ನು ನಿರಾಕರಿಸಬಹುದು. ಕೆಲವು ಸಂಸ್ಥಾನಗಳು ನಿರಾಕರಿಸಿಯೂ ಇವೆ. ಟೆಕ್ಸಾಸಿನಲ್ಲಿ ಮಾಲಿಕರ ಮೊರೆಯ ತರುವಾಯ 2024ರಲ್ಲಿ ಈ ಬಾಗಿಲು ತೆರೆಯಿತು. ಹೊಲದ ಬೇಲಿಯೊಳಗೆ ಮಾತ್ರ ಓಡಿಸುವವನಿಗೆ ಈ ಚಿಂತೆ ಅಷ್ಟಾಗಿಲ್ಲ. ಆದರೆ ಹೊಲದ ಎರಡು ತುಂಡುಗಳ ನಡುವೆ ಸಾರ್ವಜನಿಕ ರಸ್ತೆಯಿದ್ದರೆ, ಕೂಡಿಟ್ಟ ಹಣವನ್ನು ಸುರಿದು ತಂದ ಗಾಡಿಯು ಈ ಕಡೆಯ ಕೊಟ್ಟಿಗೆಯಲ್ಲೇ ಸೆರೆಯಾದೀತು.

ಅಧಿಕಾರಿಗಳ ಭೀತಿಯನ್ನು ಬರಿಯ ಹಟವೆಂದು ತಳ್ಳಿಹಾಕಲೂ ಆಗದು. ಈ ಲಾರಿಗಳಲ್ಲಿ ಚಾಲಕನ ಮೊಣಕಾಲುಗಳ ಮುಂದೆ ತೆಳುವಾದ ತಗಡಲ್ಲದೆ ಹೆಚ್ಚೇನೂ ಇರದು. ಚುಕ್ಕಾಣಿಯು ಬಲಗಡೆಗಿರುವುದರಿಂದ, ರಸ್ತೆಯ ಬಲಕ್ಕೆ ನಡೆಯುವ ಆ ದೇಶದಲ್ಲಿ ಮುಂದಿನ ಗಾಡಿಯನ್ನು ದಾಟಿ ಹೋಗುವುದು ಕಷ್ಟ. ಹೆದ್ದಾರಿಯ ವೇಗಕ್ಕೆ ಇವನ್ನು ಕಟ್ಟಿದವರೂ ಕಟ್ಟಿರಲಿಲ್ಲ. ಹೊಲದಲ್ಲಿ ಗುಣವೆನಿಸಿದ ಹಗುರತನವೇ ಹೆದ್ದಾರಿಯಲ್ಲಿ ಪ್ರಾಣಕ್ಕೆ ಸಂಚಕಾರ ತಂದೀತು.

ಆದಕಾರಣ ಕೊಳ್ಳುವವನು ಅನುಸರಿಸತಕ್ಕ ಕ್ರಮವಿದು. ಮೊದಲು ತನ್ನ ಸಂಸ್ಥಾನದ ನೋಂದಣಿ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರವನ್ನು ಪಡೆಯಬೇಕು, ವಿಮೆಯವರನ್ನೂ ವಿಚಾರಿಸಬೇಕು, ಆಮೇಲೆ ಹರಾಜಿನ ಕಡೆಗೆ ನೋಡಬೇಕು. ಜಪಾನಿನ ಹರಾಜುಗಳಲ್ಲಿ ಪ್ರತಿ ಗಾಡಿಗೂ ಪರೀಕ್ಷಕನು ಬರೆದ ಹಾಳೆಯೊಂದಿರುವುದು. ಅದರಲ್ಲಿ ಗಾಡಿಯ ಚಿತ್ರ ತೆಗೆದು ನಗ್ಗು, ಗೀಚು, ತುಕ್ಕುಗಳನ್ನು ಗುರುತು ಹಾಕಿರುವರು. ಅದನ್ನು ಬಲ್ಲವರಿಂದ ಓದಿಸತಕ್ಕದ್ದು. ಹಿಮ ಬೀಳುವ ಸೀಮೆಯಿಂದ ಬಂದ ಗಾಡಿಯಾದರೆ ಅಡಿಯ ಭಾಗದ ಚಿತ್ರಗಳನ್ನು ತರಿಸಿ ನೋಡಬೇಕು. ರಸ್ತೆಗೆ ಚೆಲ್ಲಿದ ಉಪ್ಪು ಕಬ್ಬಿಣವನ್ನು ಒಳಗೊಳಗೇ ತಿಂದಿರುವುದುಂಟು. ಹರಾಜಿನ ಕ್ರಯಕ್ಕೆ ಮಧ್ಯಸ್ಥನ ಕೂಲಿ, ಹಡಗಿನ ಬಾಡಿಗೆ, ಸುಂಕ, ಬಂದರಿನ ಖರ್ಚು, ಊರಿಗೆ ಸಾಗಿಸುವ ಖರ್ಚು, ಹೊಸ ಟೈರು ಬೆಲ್ಟುಗಳ ಬೆಲೆ ಇವೆಲ್ಲವನ್ನೂ ಕೂಡಿಸಿದಾಗಲೇ ನಿಜವಾದ ಬೆಲೆ ತಿಳಿಯುವುದು. ಜಪಾನಿನಲ್ಲಿ ನೋಂದಣಿ ರದ್ದಾದ ಪತ್ರವಿಲ್ಲದೆ ಹಣವನ್ನು ಪೂರ್ತಿ ಕೊಡಲಾಗದು.

ನಮ್ಮ ನಾಡಿಗೆ ಈ ವ್ಯಾಪಾರವು ತೆರೆದಿಲ್ಲ. ಇಷ್ಟು ಹಳೆಯ ವಾಹನವನ್ನು ಭಾರತಕ್ಕೆ ತರುವುದಕ್ಕೆ ನಿಯಮಗಳು ಆಸ್ಪದ ಕೊಡುವುದಿಲ್ಲ. ಆದರೂ ಈ ಕುಲವು ನಮಗೆ ಅಪರಿಚಿತವಲ್ಲ. 1984ರಿಂದ 2019ರ ವರೆಗೆ ನಮ್ಮ ಊರುಗಳಲ್ಲಿ ಮದುವೆಯ ದಿಬ್ಬಣವನ್ನೂ ತರಕಾರಿಯ ಬುಟ್ಟಿಗಳನ್ನೂ ಹೊತ್ತ ಮಾರುತಿ ವ್ಯಾನು, ಅಂದರೆ ಓಮ್ನಿ, ಸುಜುಕಿ ಕ್ಯಾರಿಯ ಮನೆತನದ್ದೇ. ಎರಡೆಕರೆಯ ಒಕ್ಕಲು ನೆರೆಯವನ ಮೇಲಾಟಕ್ಕೆ ಬಿದ್ದು ಸಾಲದ ಮೇಲೆ ದೊಡ್ಡ ಗಾಡಿಯನ್ನು ತರುವ ಮುನ್ನ, ವರ್ಷದಲ್ಲಿ ಎಷ್ಟು ದಿನ, ಎಷ್ಟು ದೂರ, ಎಷ್ಟು ಮೂಟೆ ಎಂಬುದನ್ನು ಮನೆಯವರೊಡನೆ ಕುಳಿತು ಕಾಗದದ ಮೇಲೆ ಲೆಕ್ಕ ಹಾಕಲಿ. ಗಾಡಿಯ ಅಳತೆಯನ್ನು ಆ ಕಾಗದವೇ ಹೇಳುವುದು.