ಹಡಗಿನಿಂದ ಇಳಿಸಿದ ದಿನ

ಕನ್ನಡ ನಾಡಿಗೆ ಬಾರದೆಯೇ ಕನ್ನಡಕ್ಕೆ ವ್ಯಾಕರಣ ಬರೆದವರೊಬ್ಬರಿದ್ದರು. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದ ಆ ಕರ್ಣಾಟ ಭಾಷಾ ವ್ಯಾಕರಣದ ಕರ್ತೃ ವಿಲಿಯಂ ಕೇರಿ. ಬೈಬಲನ್ನು ಅನೇಕ ಭಾರತೀಯ ಭಾಷೆಗಳಿಗೆ ತಂದ ಮಿಶನರಿಯೆಂದು ಅವರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದಾರೆ. ಆದರೆ ಅವರು ಇಂಗ್ಲೆಂಡಿನಿಂದ ಹೊರಡುವ ಮುನ್ನ ಕಳೆದ ಒಂದು ವರ್ಷದ ವೃತ್ತಾಂತ ಅಷ್ಟಾಗಿ ಪ್ರಚಾರದಲ್ಲಿಲ್ಲ. ದೇವರ ಸಂಕಲ್ಪವನ್ನು ನಂಬಿ ಹೊರಡುವುದೆಂದರೇನು, ಆ ನಂಬಿಕೆಯ ಬೆಲೆಯನ್ನು ತೆರುವವರು ಯಾರು ಎಂಬ ಎರಡು ಪ್ರಶ್ನೆಗಳೂ ಆ ವೃತ್ತಾಂತದಲ್ಲಿವೆ. ಮಕ್ಕಳ ಭವಿಷ್ಯವನ್ನು ಕುರಿತು ದಿನವೂ ಯೋಚಿಸುವ ನಮ್ಮ ಓದುಗರಿಗೆ ಆ ಎರಡನ್ನೂ ಇಂದು ಒಪ್ಪಿಸುತ್ತಿದ್ದೇನೆ.

ಕೇರಿಯವರು 1761ರಲ್ಲಿ ನಾರ್ಥಾಂಪ್ಟನ್ ಸೀಮೆಯ ಪೌಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ನೇಯ್ಗೆಯವರು, ಬಳಿಕ ಊರಿನ ಶಾಲೆಯ ಉಪಾಧ್ಯಾಯರಾದರು. ಬಿಸಿಲಿಗೆ ಚರ್ಮವ್ಯಾಧಿ ಉಲ್ಬಣಿಸುತ್ತಿದ್ದುದರಿಂದ ಹೊಲದ ಕೆಲಸ ಆಗದೆ, ಹುಡುಗನು ಜೋಡು ಹೊಲಿಯುವ ಕಸುಬನ್ನು ಕಲಿಯಬೇಕಾಯಿತು. ಚರ್ಮ ಹೊಲಿಯುತ್ತ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಸ್ವಂತ ಪ್ರಯತ್ನದಿಂದ ಸಾಧಿಸಿದರು. ಮುಂದೆ ಮೌಲ್ಟನ್ ಎಂಬ ಊರಿನಲ್ಲಿ ಬ್ಯಾಪ್ಟಿಸ್ಟ್ ಸಭೆಯ ಬೋಧಕರಾಗಿ, ಶಾಲೆಯನ್ನೂ ನಡೆಸಿ, ಹೊಟ್ಟೆಪಾಡಿಗೆ ಜೋಡನ್ನೂ ಹೊಲಿದರು. ಕಾಗದದ ಹಾಳೆಗಳನ್ನು ಅಂಟಿಸಿ ಗೋಡೆಯ ಮೇಲೆ ಲೋಕದ ಭೂಪಟವೊಂದನ್ನು ತೂಗುಹಾಕಿದ್ದರು. ನಾವಿಕ ಜೇಮ್ಸ್ ಕುಕ್ಕನ ಪ್ರಯಾಣ ವೃತ್ತಾಂತವನ್ನು ಓದಿದಂದಿನಿಂದ ಅವರ ದೃಷ್ಟಿ ದೂರದ ತಾಹಿತಿ ದ್ವೀಪದ ಮೇಲಿತ್ತು. ಸುವಾರ್ತೆಯನ್ನು ಅಲ್ಲಿಗೆ ಒಯ್ಯಬೇಕೆಂಬುದು ಅವರ ಹಂಬಲ.

ಮೊದಲ ವಿರೋಧ ಬಂದುದು ತಮ್ಮವರಿಂದಲೇ. ದೇವರು ಅನ್ಯರನ್ನು ರಕ್ಷಿಸಲು ಇಚ್ಛಿಸಿದರೆ ನಿನ್ನ ನೆರವಿಲ್ಲದೆಯೇ ರಕ್ಷಿಸುವನು, ಸುಮ್ಮನೆ ಕುಳಿತುಕೋ ಎಂಬರ್ಥದಲ್ಲಿ ಹಿರಿಯ ಬೋಧಕರೊಬ್ಬರು ಅವರನ್ನು ಗದರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಆ ಹಿರಿಯರ ಮಗನು ಈ ಕಥೆಯನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಅಂತಹ ಮನೋಭಾವ ಆ ಕಾಲದ ಅನೇಕರಲ್ಲಿ ಇದ್ದುದು ನಿಜ. ಕೇರಿಯವರು ವಾದಕ್ಕೆ ನಿಲ್ಲದೆ 1792ರಲ್ಲಿ ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿ, ಲೋಕದ ದೇಶಗಳನ್ನೂ ಅವುಗಳ ಜನಸಂಖ್ಯೆಯನ್ನೂ ಧರ್ಮಗಳನ್ನೂ ಪಟ್ಟಿಮಾಡಿ ಮುಂದಿಟ್ಟರು. ಅದೇ ವರ್ಷದ ಅಕ್ಟೋಬರ್ 2ರಂದು ಕೆಟರಿಂಗ್ ಪಟ್ಟಣದ ಒಂದು ಮನೆಯಲ್ಲಿ ಕೆಲವೇ ಮಂದಿ ಸೇರಿ ಮಿಶನ್ ಸಂಘವನ್ನು ಸ್ಥಾಪಿಸಿದರು. ಅಂದು ಒಂದು ನಶ್ಯದ ಡಬ್ಬಿಯಲ್ಲಿ ಬಿದ್ದ ವಾಗ್ದಾನ ಚೀಟಿಗಳ ಒಟ್ಟು ಮೊತ್ತ 13 ಪೌಂಡು, 2 ಶಿಲಿಂಗು, 6 ಪೆನ್ಸು. ಸಮುದ್ರ ದಾಟುವವರಿಗೆ ಇದು ಏನೂ ಸಾಲದು.

ಎರಡನೆಯ ವಿರೋಧ ಮನೆಯೊಳಗಿನದು. ಹೆಂಡತಿ ಡೊರೊಥಿ ಅಕ್ಷರ ಕಲಿತವರಲ್ಲ. ಮದುವೆಯ ದಾಖಲೆಯಲ್ಲಿ ಹೆಸರಿನ ಬದಲು ಗುರುತು ಹಾಕಿದವರು. ತಾಹಿತಿಯ ಯೋಚನೆ ಹಿಂದೆ ಸರಿದು, ಬಂಗಾಳದಲ್ಲಿ ಇದ್ದು ಬಂದಿದ್ದ ವೈದ್ಯ ಜಾನ್ ಥಾಮಸರ ಜತೆಯಲ್ಲಿ ಅಲ್ಲಿಗೇ ಹೋಗುವುದೆಂದು ನಿಶ್ಚಯವಾದಾಗ ಆಕೆ ಗರ್ಭಿಣಿ. ತಾನು ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಮಗನಿಗೆ ಬುದ್ಧಿಭ್ರಮಣೆಯಾಯಿತೇ ಎಂದು ಕೇರಿಯವರ ತಂದೆ ಕೇಳಿದರೆಂದು ಜೀವನ ಚರಿತ್ರೆಗಳು ಹೇಳುತ್ತವೆ. ಆದರೂ ಕೇರಿಯವರು ಹಿರಿಯ ಮಗ ಫೆಲಿಕ್ಸನನ್ನು ಮಾತ್ರ ಕರೆದುಕೊಂಡು, 1793ರ ವಸಂತದಲ್ಲಿ ಹಡಗು ಹತ್ತಿದರು.

ಆ ಹಡಗು ಅವರನ್ನು ಒಯ್ಯಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿಯಿಲ್ಲದೆ ಯಾರೂ ಬಂಗಾಳದಲ್ಲಿ ನೆಲೆಸುವಂತಿರಲಿಲ್ಲ. ಮಿಶನರಿಗಳಿಗೆ ಕಂಪನಿ ಪರವಾನಗಿ ಕೊಡುತ್ತಿರಲಿಲ್ಲ. ಅದರ ಮೇಲೆ ಥಾಮಸರ ಹಿಂದೆ ಸಾಲಗಾರರು ಬಿದ್ದಿದ್ದರು. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ವಾರಗಟ್ಟಲೆ ಕಾದ ಮೇಲೆ, ಕಪ್ತಾನನು ಭಯಪಟ್ಟು ಅವರನ್ನೂ ಅವರ ಸಾಮಾನುಗಳನ್ನೂ ದಡಕ್ಕೆ ಇಳಿಸಿದನು. ದೇವರೇ ಕರೆದನೆಂದು ನಂಬಿದ್ದವನಿಗೆ ಆ ದಡದಲ್ಲಿ ಹೇಗಾಗಿರಬೇಡ! ವಿರೋಧಿಸಿದವರ ಮಾತೆಲ್ಲ ನಿಜವಾದಂತೆ ಕಂಡಿರಬೇಕು.

ಆದರೆ ಆ ತಡೆಯಿಂದಲೇ ಬೇರೊಂದು ದಾರಿ ತೆರೆಯಿತು. ಡೆನ್ಮಾರ್ಕಿನ ಹಡಗೊಂದು ಕೆಲವೇ ದಿನಗಳಲ್ಲಿ ಬರುವುದೆಂದು ಥಾಮಸರಿಗೆ ತಿಳಿಯಿತು. ಇಬ್ಬರೂ ಹಿಂದಿರುಗಿ ಡೊರೊಥಿಯವರ ಬಳಿಗೆ ಹೋದರು. ಅಷ್ಟರಲ್ಲಿ ಹೆರಿಗೆಯಾಗಿ, ಮಡಿಲಲ್ಲಿ ತಿಂಗಳು ತುಂಬದ ಕೂಸಿತ್ತು. ಆಕೆ ಮತ್ತೆ ಒಲ್ಲೆನೆಂದರು. ಹೊರಬಂದ ಥಾಮಸರು ಪುನಃ ಒಳಹೊಕ್ಕು, ಕುಟುಂಬ ಶಾಶ್ವತವಾಗಿ ಒಡೆದುಹೋದೀತು, ಬದುಕಿರುವವರೆಗೂ ಪಶ್ಚಾತ್ತಾಪಪಡುವಿರಿ ಎಂದು ಹೇಳಿದರು. ತಂಗಿ ಕ್ಯಾಥರಿನ್ ಜತೆಗೆ ಬಂದರೆ ತಾನೂ ಬರುವೆನೆಂದು ಆಕೆ ಕಡೆಗೆ ಒಪ್ಪಿದರು. ಜೂನ್ 13ರಂದು ಆ ಡೇನಿಷ್ ಹಡಗು ಇಡೀ ಕುಟುಂಬವನ್ನು ಹೊತ್ತು ಹೊರಟು, ನವೆಂಬರಿನಲ್ಲಿ ಕಲ್ಕತ್ತೆಯನ್ನು ಮುಟ್ಟಿತು.

ಇಷ್ಟಕ್ಕೇ ಕಥೆಯನ್ನು ನಿಲ್ಲಿಸಿದರೆ, ಕಪ್ತಾನನು ಇಳಿಸಿದ್ದು ದೇವರ ಯೋಜನೆಯೇ ಆಗಿತ್ತು, ಅದರಿಂದಲೇ ಕುಟುಂಬ ಒಂದಾಯಿತು ಎಂದು ಉಪದೇಶ ಮಾಡಿ ಮುಗಿಸಬಹುದು. ಅನೇಕರು ಹಾಗೆಯೇ ಮುಗಿಸುತ್ತಾರೆ. ನನಗೆ ಹಾಗೆ ಮುಗಿಸಲು ಮನಸ್ಸು ಬಾರದು. ಏಕೆಂದರೆ 1794ರಲ್ಲಿ, ನೀಲಿ ಕಾರ್ಖಾನೆಯಿದ್ದ ಮದನಾವತಿ ಎಂಬ ಹಳ್ಳಿಯಲ್ಲಿ, ಅವರ ಐದು ವರ್ಷದ ಮಗ ಪೀಟರ್ ತೀರಿಕೊಂಡನು. ಆ ಬಳಿಕ ಡೊರೊಥಿಯವರ ಚಿತ್ತಸ್ವಾಸ್ಥ್ಯ ಕೆಟ್ಟಿತು. 1807ರಲ್ಲಿ ಕಣ್ಮುಚ್ಚುವವರೆಗೂ ಅದು ಮರಳಲಿಲ್ಲ. ಆಕೆಯ ಸಂಶಯ ಅಧೈರ್ಯವಾಗಿರಲಿಲ್ಲ. ಆಕೆ ಅಂಜಿದ್ದೇ ನಡೆಯಿತು.

ಕೇರಿಯವರ ವಿಶ್ವಾಸ ಸುಳ್ಳೆಂದು ನಾನು ಹೇಳುತ್ತಿಲ್ಲ. ಮೊದಲ ಏಳು ವರ್ಷ ಅವರ ಬೋಧನೆಗೆ ಬಂಗಾಳಿಯೊಬ್ಬರೂ ಕ್ರೈಸ್ತರಾಗಲಿಲ್ಲ. ಆದರೂ ಭಾಷೆ ಕಲಿಯುವುದನ್ನು ಬಿಡಲಿಲ್ಲ. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. 1812ರಲ್ಲಿ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ವರ್ಷಗಳ ಹಸ್ತಪ್ರತಿಗಳು ಬೂದಿಯಾದಾಗ, ಮತ್ತೆ ಮೊದಲಿನಿಂದ ಬರೆಯಲು ಕುಳಿತರು. ಕನ್ನಡ ವ್ಯಾಕರಣ ಹೊರಬಂದುದು ಅದಾದ ಐದು ವರ್ಷಕ್ಕೆ. ದಡದಲ್ಲಿ ಸಾಮಾನುಗಳ ನಡುವೆ ನಿಂತಿದ್ದ ದಿನ ಇವೊಂದೂ ಅವರಿಗೆ ಕಂಡಿರಲಾರದು. ಅವರ ನಂಬಿಕೆ ಮುಂದಿನದನ್ನೆಲ್ಲ ಬಲ್ಲೆನೆಂಬ ಧೈರ್ಯವಲ್ಲ, ಮುಂದಿನ ಒಂದು ಹೆಜ್ಜೆಯನ್ನು ಇಡುವ ವಿಧೇಯತೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ದೇವರ ಚಿತ್ತವೆಂದು ಒಬ್ಬನು ನಂಬಿದ್ದನ್ನು ಇನ್ನೊಬ್ಬರ ಮೇಲೆ ಹೆದರಿಕೆಯಿಂದ ಹೊರಿಸುವುದು ವಿಶ್ವಾಸವಲ್ಲ.

ಗಡಿಯಾಚೆ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ನಮಗೆ ಬಂಧುಗಳ ಪ್ರಶ್ನೆಗಳು ಹೊಸತಲ್ಲ. ಇದರಿಂದ ಮುಂದೇನು, ನೌಕರಿ ಸಿಕ್ಕೀತೆ ಎಂದು ಕೇಳುತ್ತಲೇ ಇರುತ್ತಾರೆ. ಹೊರಗಿನ ಹಾಸ್ಯಕ್ಕೆ ಕುಗ್ಗದಿರೋಣ. ಆದರೆ ಮನೆಯೊಳಗೆ ತಾಯಿಯೋ, ಓದುತ್ತಿರುವ ಮಗುವೋ ತನ್ನ ಅಂಜಿಕೆಯನ್ನು ಹೇಳಿಕೊಂಡಾಗ ಅದನ್ನು ವಿರೋಧವೆಂದು ತಳ್ಳದೆ, ಕುಳಿತು ಕೇಳೋಣ. ದೇವರು ಅವರ ಮೂಲಕವೂ ಮಾತನಾಡುತ್ತಿರಬಹುದು.

ಆ ವ್ಯಾಕರಣದ ಮುಖಪುಟದಲ್ಲಿ ಒಬ್ಬರ ಹೆಸರಿದೆ. ಮಕ್ಕಳಿಗೆ ಅದರ ಕಥೆಯನ್ನು ಹೇಳುವಾಗ, ತನ್ನ ಹೆಸರನ್ನೂ ಬರೆಯಲು ಬಾರದಿದ್ದ ಡೊರೊಥಿಯವರನ್ನೂ ದಯವಿಟ್ಟು ಹೆಸರಿಸಿರಿ.