ನಿಘಂಟಿನಲ್ಲಿಲ್ಲದ ಪದ ಕನ್ನಡವಲ್ಲವೇ?

ಉಮರ್ಗಾ ತಾಲ್ಲೂಕಿನ ತುರೋರಿ, ನಿಲಂಗಾ, ಉದಗೀರ ಸೀಮೆಯ ಕನ್ನಡ ಮನೆಗಳ ಮಾತು ಉತ್ತರಪತ್ರಿಕೆಗೆ ಇಳಿದಾಗ ಅದರ ಕೆಳಗೆ ಕೆಂಪು ಗೆರೆ ಬೀಳುವುದುಂಟು. ‘ಇದು ಕನ್ನಡವಲ್ಲ, ಮರಾಠಿ’ ಎಂಬುದು ತೀರ್ಪು; ‘ನಿಘಂಟಿನಲ್ಲಿಲ್ಲ’ ಎಂಬುದು ಅದಕ್ಕೆ ಆಧಾರ. ಎರಡನ್ನೂ ಪರೀಕ್ಷಿಸಬೇಕಾಗಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಚಾರಿತ್ರಿಕ ಕ್ರಮದಲ್ಲಿ ರಚಿತವಾದುದು. ಶಾಸನ, ಕಾವ್ಯ, ಗದ್ಯಗ್ರಂಥಗಳ ಪ್ರಯೋಗಗಳೇ ಅದರ ಮುಖ್ಯ ಪ್ರಮಾಣ. ಬರಹಕ್ಕೆ ಬಾರದ ಪದ ಅಲ್ಲಿ ದೊರೆಯದಿರುವುದು ಸಹಜವೇ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದು, ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಆಮೇಲೆ ಮರಾಠಿ. ಕನ್ನಡಕ್ಕೆ ಉಳಿದದ್ದು ಮನೆ, ಹೊಲ, ಸಂತೆ. ಇಂಥ ಸೀಮೆಯ ಪದ ಅಚ್ಚಿನಲ್ಲಿ ಕಾಣದಿದ್ದರೆ ತಪ್ಪು ಪದದ್ದಲ್ಲ.

ಕಿಟ್ಟೆಲ್ಲರ ಕ್ರಮ ಇನ್ನೂ ಉದಾರವಾದುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಕಾವ್ಯಪದಗಳ ಮಗ್ಗುಲಲ್ಲೇ ಆಡುಮಾತು ಕುಳಿತಿದೆ. ದಕ್ಷಿಣ ಮರಾಠಾ ಸೀಮೆಯ ಬಳಕೆಗೆ ಆ ಸೀಮೆಯ ಗುರುತನ್ನೂ ಮರಾಠಿಯಿಂದ ಬಂದುದಕ್ಕೆ ಮರಾಠಿಯ ಗುರುತನ್ನೂ ಹಚ್ಚಿ ಅವರು ಪದವನ್ನು ಒಳಗೆ ಕರೆದುಕೊಂಡರು. ಪರದೇಶದಿಂದ ಬಂದ ವಿದ್ವಾಂಸನಿಗಿದ್ದ ಈ ತಾಳ್ಮೆ ನಮ್ಮ ಕೆಂಪು ಶಾಯಿಗೆ ಏಕಿಲ್ಲ?

ಇನ್ನು ಮೂಲದ ಮಾತು. ‘ಕಾಳಜಿ’ ಮರಾಠಿಯಿಂದ ಬಂದ ಪದ. ಇಂದು ವಿಮರ್ಶಕರು ‘ಸಾಮಾಜಿಕ ಕಾಳಜಿ’ ಎಂದು ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ‘ಭಾಳ ತ್ರಾಸ ಆಯ್ತು’ ಎಂದರೆ ಮಾತ್ರ ಗಡಿಭಾಗದ ಕಲಬೆರಕೆಯೆನಿಸುತ್ತದೆ. ಮರಾಠಿಗರ ‘ಅಡಕಿತ್ತಾ’ದೊಳಗೆ ನಮ್ಮ ಅಡಕೆಯೇ ಇದೆ, ಅದಕ್ಕಾಗಿ ಅವರು ಆ ಪದವನ್ನು ಹೊರಗಿಟ್ಟಿಲ್ಲ. ಹುಟ್ಟಿದ ಊರನ್ನು ಕೇಳಿ ಪದದ ಹಕ್ಕನ್ನು ನಿರ್ಣಯಿಸತೊಡಗಿದರೆ ನಮ್ಮ ಕಚೇರಿ, ಅರ್ಜಿ, ಜಮೀನುಗಳೂ ಉಳಿಯವು.

ಹಾಗಾದರೆ ಕೇಳಿದ್ದೆಲ್ಲವೂ ಕನ್ನಡವೇ? ಅಲ್ಲ. ವಿಭಕ್ತಿಪ್ರತ್ಯಯ ಹತ್ತಿದರೆ ಸಾಕೆನ್ನುವವರಿದ್ದಾರೆ. ಯಾವ ಇಂಗ್ಲಿಷ್ ಪದಕ್ಕೂ ‘ಗೆ’, ‘ಅಲ್ಲಿ’ ಹತ್ತುತ್ತವೆ. ಆ ಕ್ಷಣಕ್ಕೆ ಮಾತು ಸಿಗದೆ ಒಬ್ಬನು ಪಕ್ಕದ ಭಾಷೆಗೆ ಕೈಚಾಚಿದ್ದು ಬೇರೆ. ಅಜ್ಜಿಯೂ ಮೊಮ್ಮಗಳೂ ಒಂದೇ ಅರ್ಥದಲ್ಲಿ, ಪರಭಾಷೆಯೆಂಬ ನೆನಪೇ ಇಲ್ಲದೆ ನುಡಿಯುವುದು ಬೇರೆ. ಎರಡನೆಯದು ಆ ಊರಿನ ಕನ್ನಡ. ಕನ್ನಡಗಳು ಎಣಿಕೆಗೆ ಸಿಗದಷ್ಟಿವೆಯೆಂದು ಒಂಬತ್ತನೆಯ ಶತಮಾನದಲ್ಲೇ ಒಪ್ಪಿಕೊಂಡದ್ದು ಕವಿರಾಜಮಾರ್ಗ. ಬೆರಕೆಯ ದೋಷವನ್ನು ಎತ್ತಿ ತೋರಿದ ಗ್ರಂಥವೂ ಅದೇ ಎಂಬುದನ್ನು ಮರೆಯಬಾರದು. ಆದರೆ ಅದು ಹೇಳಿದ ಗೋದಾವರಿಯ ಎಲ್ಲೆಯೊಳಗೇ ತುರೋರಿಯೂ ಇದೆ.

‘ಈ ಪ್ರಬಂಧದ ಶೈಲಿಗೆ ಒಗ್ಗದು’ ಎಂದು ಅಧ್ಯಾಪಕರು ಅಂಚಿನಲ್ಲಿ ಬರೆದರೆ ಅದು ನ್ಯಾಯವಾದ ಮಾತು. ‘ಕನ್ನಡವಲ್ಲ’ ಎಂದು ಬರೆದಾಗ ವಿದ್ಯಾರ್ಥಿಯ ಮನೆಯೇ ಕನ್ನಡದಿಂದ ಹೊರಗಾಗುತ್ತದೆ. ಮುಂದಿನ ಸಲ ಅವನು ಪದವನ್ನಷ್ಟೇ ಅಲ್ಲ, ಊರನ್ನೂ ಬಚ್ಚಿಡುತ್ತಾನೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ರಜೆಯಲ್ಲಿ ಇಂಥ ಊರುಗಳಿಗೆ ಹೋದಾಗ ಒಂದೊಂದು ಪದಕ್ಕೆ ಒಂದೊಂದು ಚೀಟಿ ಬರೆದುಕೊಳ್ಳಬಹುದು: ಪದ, ಅರ್ಥ, ಆಡಿದ ವಾಕ್ಯ ಇದ್ದಂತೆಯೇ, ಊರು, ಆಡಿದವರ ವಯಸ್ಸು. ನಿಘಂಟುಕಾರರು ದುಡಿದದ್ದೂ ಚೀಟಿಗಳಿಂದಲೇ.