ಸೀರೆಯ ಷೋಕಿಯೂ ನೇಕಾರನ ಕೂಲಿಯೂ

ಹೋದ ವಾರ ನಮ್ಮ ಕಚೇರಿಯಲ್ಲಿ ಒಂದು ಸಣ್ಣ ಜಗಳವೇ ನಡೆಯಿತು. ಪಾಳಿ ಮುಗಿಸಿಕೊಂಡು ಬಂದ ಗಿರಣಿಯ ಸ್ನೇಹಿತರೊಬ್ಬರು, ಪೇಟೆಯ ದೊಡ್ಡ ಮನೆಯ ಹೆಂಗಸೊಬ್ಬರು ಇನ್ನೂರು ಸೀರೆ ಕೂಡಿಹಾಕಿದ್ದಾರೆಂಬ ಸುದ್ದಿ ತಂದರು. "ಇದರ ಮೇಲೆ ಖಾರವಾಗಿ ಬರೆಯಿರಿ" ಎಂದು ನಮ್ಮನ್ನು ಒತ್ತಾಯಿಸಿದರು. ನಮಗೂ ಉಮೇದು ಬಂದು ಲೇಖನಿ ತೆಗೆದೆವು. ಅಷ್ಟರಲ್ಲಿ ಕಚೇರಿಯ ಕಸ ಗುಡಿಸುವ ಅಜ್ಜಿ ಪೊರಕೆ ನಿಲ್ಲಿಸಿ, "ನನ್ನ ಟ್ರಂಕಿನ್ಯಾಗೂ ಹನ್ನೊಂದು ಅದಾವು. ನನ್ನ ಮ್ಯಾಲೂ ಬರೀರಿ" ಎಂದಳು.

ಆಮೇಲೆ ಅವಳ ಹನ್ನೊಂದರ ಲೆಕ್ಕವನ್ನೂ ಕೇಳಿದೆವು. ಒಂದು ಧಾರೆಯದು. ಎರಡು ಪಂಚಮಿಗೆ ತವರಿನವರು ಉಡಿಸಿದ್ದು. ಒಂದು, ಗಂಡನಿಗೆ ಮೊದಲ ಸಲ ಬೋನಸ್ಸು ಬಂದಾಗ ತಂದ ಕರಿಯ ಚಂದ್ರಕಾಳಿ. ಗಿರಣಿಯ ಬಾಗಿಲು ಮುಚ್ಚಿದ್ದ ವರ್ಷ ಅದು ಮೂರು ಸಲ ಸಾವುಕಾರನ ಮನೆಗೆ ಅಡವಿಗೆ ಹೋಗಿ ಮೂರು ಸಲವೂ ತಿರುಗಿ ಬಂದಿತಂತೆ. ಉಳಿದವು ತಾನೇ ಚಿಲ್ಲರೆ ಕೂಡಿಸಿ ಕೊಂಡವು. ಹರಿದವುಗಳ ಲೆಕ್ಕ ಬೇರೆ. ಅವು ಕೌದಿಯಾಗಿ ಮೊಮ್ಮಕ್ಕಳನ್ನು ಹೊದಿಸಿವೆ. ಸ್ನೇಹಿತರು ಸುಮ್ಮನಾದರು. ನಾವೂ ಲೇಖನಿಯನ್ನು ಜೇಬಿಗೆ ಸೇರಿಸಿದೆವು.

ಸೀರೆಯನ್ನು ಪ್ರೀತಿಸುವುದು ಪಾಪವಲ್ಲವೆಂದು ನಾವು ಒಪ್ಪಿಕೊಂಡದ್ದು ಹೀಗೆ. 2015ರಲ್ಲಿ ಬೆಂಗಳೂರಿನ ಇಬ್ಬರು ಮಹಿಳೆಯರು ವರ್ಷದಲ್ಲಿ ನೂರು ದಿನ ಸೀರೆ ಉಡುವುದೆಂದು, ಒಂದೊಂದು ಸೀರೆಯ ಕಥೆಯನ್ನೂ ಹೇಳುವುದೆಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡರು. ಆ ಆಟ ದೇಶದ ಉದ್ದಗಲಕ್ಕೂ ಹಬ್ಬಿತು. ಇದು ಹೊಟ್ಟೆ ತುಂಬಿದವರ ಹವ್ಯಾಸವೆಂದು ನಗುವ ನಮ್ಮವರಿಗೆ ಒಂದು ಮಾತು ನೆನಪಿಸುತ್ತೇವೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾಗಿದ್ದವರು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ನಡೆಸಿದವರು. ಊರೂರು ತಿರುಗಿ ನೇಕಾರನ ಮನೆ ಹೊಕ್ಕು ಬಟ್ಟೆ ಮುಟ್ಟಿ ನೋಡಿದ ಆ ತಾಯಿಗೆ ಒಳ್ಳೆಯ ಸೀರೆಯೂ ಸಮಾಜವಾದವೂ ಒಂದಕ್ಕೊಂದು ವಿರೋಧವೆಂದು ತೋರಲಿಲ್ಲ. ನಮಗೇಕೆ ತೋರಬೇಕು?

ಆದರೆ ಕೊಳ್ಳುವವರು ತಾವು ಕೊಳ್ಳುತ್ತಿರುವುದೇನೆಂದು ತಿಳಿದಿರಬೇಕು. ಇಳಕಲ್ಲಿನ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೆ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ; ತೋಪುತೆನಿ ಎನ್ನುವುದು ಇದಕ್ಕೇ. ಬೇರೆ ಸೀರೆಗಳಂತೆ ಹತ್ತಾರಕ್ಕೆ ಒಟ್ಟಿಗೇ ಹಾಸು ಹೂಡಿ ಕುಳಿತುಕೊಳ್ಳುವಂತಿಲ್ಲ. ಪ್ರತಿಯೊಂದು ಸೀರೆಗೂ ಹೊಸದಾಗಿ ಹೂಡಬೇಕು, ಹೊಸದಾಗಿ ಕೂಡಿಸಬೇಕು. ಕೆಂಪು ಸೆರಗಿನ ಮೇಲೆ ಬಿಳಿಯ ಎಳೆಯಲ್ಲಿ ಮೂಡುವ ಕೋಟೆಯ ತೆನೆ, ಹಣಿಗೆಯ ಹಲ್ಲು. ಅಂಚಿನಲ್ಲಿ ಗೋಮಿ, ಚಿಕ್ಕಿ, ಪರಾಸಪೇಟ, ಗಾಡಿ. ನೇಕಾರ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು, ಎರಡು ದಡಿಗೆ ಎರಡು, ನಡುವಣ ಒಡಲಿಗೆ ಒಂದು, ಹೀಗೆ ಮೂರು ಲಾಳಿ ಆಡಿಸುತ್ತಾನೆ. ಮನೆಯ ಹೆಂಗಸರು ಕಂಡಿಕೆ ಸುತ್ತುತ್ತಾರೆ, ನೂಲು ಬಿಡಿಸುತ್ತಾರೆ, ಹಾಸಿಗೆ ಎಳೆ ಹೊಂದಿಸುತ್ತಾರೆ. ಕೂಲಿ ಲೆಕ್ಕ ಹಾಕುವಾಗ ಮಾತ್ರ ಅವರು ಲೆಕ್ಕಕ್ಕೆ ಬರುವುದಿಲ್ಲ. ಸೀರೆಗಿಷ್ಟು ಎಂದು ಕೂಲಿ, ಅದು ಒಬ್ಬನ ಕೈಗೆ. ದುಡಿದವರು ಮೂವರೋ ನಾಲ್ವರೋ.

2019-20ರಲ್ಲಿ ಸರಕಾರವೇ ನಡೆಸಿದ ನಾಲ್ಕನೆಯ ಕೈಮಗ್ಗ ಗಣತಿಯಲ್ಲಿ ದೇಶದ ನೇಕಾರರು ಮತ್ತು ಸಹಾಯಕ ಕೆಲಸಗಾರರು 35 ಲಕ್ಷಕ್ಕೂ ಹೆಚ್ಚು ಎಂದು ಕಂಡುಬಂತು. ಅವರಲ್ಲಿ ಹೆಚ್ಚಿನ ಪಾಲು ಹೆಂಗಸರೇ. ಸುಮಾರು ಮೂರರಲ್ಲಿ ಎರಡು ನೇಕಾರ ಕುಟುಂಬಗಳ ತಿಂಗಳ ಗಳಿಕೆ 5,000 ರೂಪಾಯಿಯೊಳಗೆ! ಸಾವಿರಾರು ರೂಪಾಯಿಯ ಸೀರೆಯನ್ನು ನೇಯುವ ಮನೆಯೊಡತಿ ಹಬ್ಬಕ್ಕೆ ಉಡುವುದು ಸಂತೆಯ ಪಾಲಿಯೆಸ್ಟರನ್ನು. ಅದೇ ಸರಕಾರ 2015ರಿಂದ ಆಗಸ್ಟ್ 7ನ್ನು, 1905ರ ಸ್ವದೇಶಿ ಚಳವಳಿಯ ನೆನಪಿಗೆಂದು, ಕೈಮಗ್ಗ ದಿನವಾಗಿ ಆಚರಿಸುತ್ತ ಬಂದಿದೆ. 2020ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಲಿಯನ್ನೇ ರದ್ದು ಮಾಡಿತು. ಹಾರ ಹಾಕಿ ಊಟ ಕಿತ್ತುಕೊಳ್ಳುವುದು ನಮ್ಮ ದೇಶದಲ್ಲಿ ಹೊಸದೇನಲ್ಲ.

ಕಾಯಿದೆ ಇಲ್ಲವೇ? ಇದೆ. 1985ರ ಮೀಸಲಾತಿ ಕಾಯಿದೆಯ ಕೆಳಗೆ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಬಿಡಲಾಗಿತ್ತು. 1996ರಲ್ಲಿ ಅವು 11ಕ್ಕೆ ಇಳಿದವು. ದಡಿಯ ಸೀರೆ ಇಂದಿಗೂ ಆ ಪಟ್ಟಿಯಲ್ಲಿದೆ. ಆದರೂ ಕೈಮಗ್ಗದ್ದೆಂದು ಹೇಳಿ ವಿದ್ಯುನ್ಮಗ್ಗದ ನಕಲು ಮಾರುವುದು ಹಾಡುಹಗಲೇ ನಡೆದಿದೆ. ನಮ್ಮ ಮನೆಯವರೇ ಹೋದ ವರ್ಷ ಒಂದು ಅಂಗಡಿಯಲ್ಲಿ "ಅಸಲಿ ಇಳಕಲ್" ಎಂಬ ಭರವಸೆಯ ಮೇಲೆ ಒಂದನ್ನು ತಂದರು. ಸೆರಗು ತಿರುವಿ ನೋಡಿದರೆ ಕೊಂಡಿಯೂ ಇಲ್ಲ, ಗಂಟೂ ಇಲ್ಲ. ಒಂದೇ ಹಾಸು, ಮೇಲೆ ಬಣ್ಣದ ಬದಲಾವಣೆ ಅಷ್ಟೆ. ಸಂಪಾದಕರ ಮನೆಯವರೇ ಮೋಸ ಹೋದರೆಂದು ಓಣಿಯವರು ನಕ್ಕದ್ದೂ ಆಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ವಿದ್ಯುನ್ಮಗ್ಗ ನಡೆಸುವ ಕೂಲಿಕಾರನ ಮೇಲೆ ನಮಗೆ ಸಿಟ್ಟಿಲ್ಲ. ಆ ಸದ್ದಿನಲ್ಲಿ ಕಿವಿ ಕಳೆದುಕೊಂಡು ಅವನೂ ಹೊಟ್ಟೆ ಹೊರೆಯುತ್ತಾನೆ. ಅವನು ನೇಯ್ದ ಅಗ್ಗದ ಸೀರೆ ಬಡವರ ಮೈ ಮುಚ್ಚುತ್ತದೆ. ಅದನ್ನು ಅದರ ಹೆಸರಿನಿಂದಲೇ ಮಾರಲಿ. ಇಳಕಲ್ಲಿನ ಹೆಸರು ಅಂಟಿಸಿ, ಕೈಮಗ್ಗದ ಬೆಲೆ ಎತ್ತಿ, ಅವನಿಗೂ ಕೊಡದೆ ಇವನಿಗೂ ಕೊಡದೆ ನಡುವೆ ನುಂಗುವವರು ಬೇರೆಯೇ ಇದ್ದಾರೆ.

ಗಿರಣಿಯ ಬಂಧುಗಳಲ್ಲಿ ಕೆಲವರಿಗೆ ಇದು ತಮಗೆ ಸಂಬಂಧಿಸದ ಮಾತೆಂದು ತೋರಬಹುದು. ಕೈಮಗ್ಗದವನು ನೂಲು ತರುವುದೆಲ್ಲಿಂದ? ಗಿರಣಿಯಿಂದ. ನೀವು ನೂತ ನೂಲು ಲಡಿಯಾಗಿ ಅವನ ಮನೆ ಸೇರುತ್ತದೆ. ಗಿರಣಿಗಳು ಒಳನಾಡಿನ ಮಾರಾಟಕ್ಕೆ ಕಟ್ಟುವ ನೂಲಿನಲ್ಲಿ ಇಂತಿಷ್ಟು ಪಾಲು ಲಡಿಯಲ್ಲೇ ಇರಬೇಕೆಂಬ ನಿಯಮವೊಂದಿದೆ. ಆ ಪಾಲು ನೂರಕ್ಕೆ 50 ಇದ್ದದ್ದು 2003ರಲ್ಲಿ 40 ಆಯಿತು, 2019ರಲ್ಲಿ 30 ಆಯಿತು. ಹೀಗೆ ಕಡಿಮೆ ಮಾಡಿದಾಗ ಗಿರಣಿಯ ಸಂಘಗಳಿಂದ ಒಂದು ಠರಾವಾದರೂ ಬಂದಿತೇ ಎಂದು ನಾವು ಕೇಳಬಾರದೇ? ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡವರು ನಾವು. ಮಗ್ಗ ನಿಂತ ಮನೆಯ ಮೌನ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೂರು ಸೀರೆಯ ಆ ತಾಯಿಗೂ ನಮ್ಮದೊಂದು ಬಿನ್ನಹವಿದೆ. ಇನ್ನೂರ ಒಂದನೆಯದನ್ನು ಅವಶ್ಯವಾಗಿ ಕೊಳ್ಳಿರಿ. ಕೊಳ್ಳುವಾಗ ಚೌಕಾಸಿ ಮಾಡುವುದಾದರೆ ದಲಾಲಿಯೊಡನೆ ಮಾಡಿರಿ, ನೇಕಾರನೊಡನೆ ಬೇಡ. ಸಾಧ್ಯವಿದ್ದರೆ ನೇಕಾರರ ಸಹಕಾರಿ ಸಂಘದಿಂದಲೇ ತನ್ನಿರಿ. ಸೀರೆಯ ಕಥೆ ಹೇಳುವ ಚಾಳಿ ಒಳ್ಳೆಯದು. ಅದನ್ನು ನೇಯ್ದವರಿಗೆ ಸಿಕ್ಕಿದ ಕೂಲಿಯೆಷ್ಟು ಎಂಬುದನ್ನೂ ಕೇಳಿ ತಿಳಿದು ಆ ಕಥೆಗೆ ಸೇರಿಸಿದರೆ ಇನ್ನೂ ಒಳ್ಳೆಯದು.

ಇನ್ನು ನಮ್ಮ ಸಣ್ಣ ವ್ಯಾಪಾರಿಗಳು. ನಿಮ್ಮ ಕಷ್ಟ ನಮಗೆ ಗೊತ್ತು. ಎದುರಿನ ದೊಡ್ಡ ಅಂಗಡಿಯವನು ನಕಲನ್ನು ಅಸಲೆಂದು ಅರ್ಧ ಬೆಲೆಗೆ ಕೊಡುವಾಗ ನೀವು ಸತ್ಯ ಹೇಳಿ ಕೂತರೆ ಗಿರಾಕಿ ಎದ್ದು ಹೋಗುತ್ತಾಳೆ. ಒಬ್ಬರೇ ಹೇಳಿದರೆ ಹೋಗುತ್ತಾಳೆ, ನಿಜ. ಸಾಲಿನ ಹತ್ತು ಅಂಗಡಿಯವರು ಕೂಡಿ ಹೇಳಿದರೆ ಎಲ್ಲಿಗೆ ಹೋದಾಳು? ಕೈಮಗ್ಗದ್ದಕ್ಕೆ ಒಂದು ಕಪಾಟು, ವಿದ್ಯುನ್ಮಗ್ಗದ್ದಕ್ಕೆ ಇನ್ನೊಂದು, ಮೇಲೆ ದಪ್ಪಕ್ಷರದ ಚೀಟಿ. ಗಿರಾಕಿಗೆ ಸೆರಗು ತಿರುವಿ ಕೊಂಡಿ ತೋರಿಸಲು ಅರ್ಧ ನಿಮಿಷ ಸಾಕು. ಕೈಮಗ್ಗದ ಮುದ್ರೆ 2006ರಿಂದಲೇ ಜಾರಿಯಲ್ಲಿದೆ. ಅದಿರುವ ಮಾಲನ್ನೇ ಕೇಳಿ ತರಿಸಿರಿ.

ದೀಪಾವಳಿಗೆ ಮೊದಲು ಈ ಚೀಟಿ ಅಂಟಿಸುವ ಅಂಗಡಿಯವರು ನಮಗೊಂದು ಕಾರ್ಡು ಬರೆದರೆ, ಅಂಗಡಿಯ ಹೆಸರನ್ನು ಈ ಪುಟದಲ್ಲಿ ಪುಕ್ಕಟೆಯಾಗಿ ಅಚ್ಚು ಹಾಕುತ್ತೇವೆ. ಮೊದಲು ನೋಡಲು ಬರುವವಳು ನಮ್ಮ ಕಚೇರಿಯ ಅಜ್ಜಿ. ಹನ್ನೆರಡನೆಯದಕ್ಕೆ ಅವಳು ಆಗಲೇ ದುಡ್ಡು ಕೂಡಿಸತೊಡಗಿದ್ದಾಳೆ.